ಕಂಬ ಬಿದ್ದ ದಿನವೂ ಕೇರಿಗೆ ಕರೆಂಟ್: ಮಲೆನಾಡಿನಲ್ಲಿ ಮೈಕ್ರೋಗ್ರಿಡ್ ಕಟ್ಟುವ ಕ್ರಮ

ವಿದ್ಯುತ್ ತಯಾರಿಸುವುದರಲ್ಲಿ ಉತ್ತರ ಕನ್ನಡ ಯಾವ ಜಿಲ್ಲೆಗೂ ಕಡಿಮೆಯಿಲ್ಲ. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ಘಟಕಗಳಿವೆ. ಕಾಳಿ ನದಿಗೆ ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವ್ಯಾಟ್. ಶರಾವತಿಗೆ ಗೇರುಸೊಪ್ಪೆಯಲ್ಲಿ 240. ಸೂಪಾ, ನಾಗಝರಿ ಬೇರೆ. ಇಷ್ಟಿದ್ದೂ ಮಳೆಗಾಲದ ಮೊದಲ ಗಾಳಿಗೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಕರೆಂಟ್ ಹೋಗುತ್ತದೆ. ಹೋದರೆ ಎರಡು ದಿನ, ಮೂರು ದಿನ ಬರದೇ ಇರುವುದೂ ಉಂಟು.

ತೊಂದರೆ ಇರುವುದು ಸಬ್‌ಸ್ಟೇಷನ್‌ನಿಂದ ನಮ್ಮೂರ ಟಿಸಿಯವರೆಗೆ (ಟ್ರಾನ್ಸ್‌ಫಾರ್ಮರ್) ಬರುವ 11 ಕೆವಿ, ಅಂದರೆ 11,000 ವೋಲ್ಟ್ ಲೈನಿನಲ್ಲಿ. ಅದು ಬೆಟ್ಟ ಹತ್ತಿ, ಕಾಡು ನುಗ್ಗಿ, ಹಳ್ಳ ದಾಟಿ ಬರಬೇಕು. ಒಂದು ಮರ ಬಿದ್ದರೆ ಸಾಲಾಗಿ ನಾಲ್ಕು ಕಂಬ ಮಲಗುತ್ತವೆ. ಕೊಡೆ ನಿಲ್ಲದ ಮಳೆಯಲ್ಲಿ, ಉಂಬಳ ಕಚ್ಚಿಸಿಕೊಳ್ಳುತ್ತ ಲೈನ್‌ಮನ್‌ಗಳು ಎಲ್ಲಿ ಕಡಿದಿದೆಯೆಂದು ಹುಡುಕುತ್ತ ಹೋಗುತ್ತಾರೆ. ಅವರನ್ನು ಬೈದು ಫಲವಿಲ್ಲ. ಆ ದೂರವೇ ಅಂಥದ್ದು. ಹಾಗಾಗಿ ಆ ಕೊನೆಯ ಕೆಲವು ಕಿಲೋಮೀಟರ್ ಕೈಕೊಟ್ಟಾಗ ಕೇರಿಯಷ್ಟಕ್ಕೆ ತಾನೇ ನಿಂತುಕೊಳ್ಳಬಲ್ಲ ವ್ಯವಸ್ಥೆ ಬೇಕು. ಅದೇ ಮೈಕ್ರೋಗ್ರಿಡ್. ಎಂಟು ಮನೆಗಳ ಒಂದು ಕೇರಿಯನ್ನು ಕಣ್ಣಮುಂದೆ ಇಟ್ಟುಕೊಂಡು ಅದನ್ನು ಕಟ್ಟುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸೋಲಾರ್ ಇದ್ದ ಮಾತ್ರಕ್ಕೆ ಆಗಲಿಲ್ಲ

ಗೊತ್ತುಮಾಡಿದ ಒಂದು ಗಡಿಯೊಳಗೆ ಸ್ವಂತ ಉತ್ಪಾದನೆ, ಸ್ವಂತ ಸಂಗ್ರಹ, ಸ್ವಂತ ಬಳಕೆ, ಇವು ಮೂರನ್ನೂ ಹೊಂದಿಸುವ ಒಂದು ನಿಯಂತ್ರಕ: ಇಷ್ಟಿದ್ದರೆ ಅದು ಮೈಕ್ರೋಗ್ರಿಡ್. ಆ ಗಡಿ ಹೆಸ್ಕಾಂ ಲೈನನ್ನು ಮುಟ್ಟುವುದು ಒಂದೇ ಒಂದು ಜಾಗದಲ್ಲಿ. ಲೈನ್ ಸರಿಯಿದ್ದಾಗ ಎರಡೂ ಕೂಡಿ ನಡೆಯುತ್ತವೆ, ಕೆಟ್ಟಾಗ ಆ ಜಾಗದಲ್ಲೇ ಕೊಂಡಿ ಬಿಡುತ್ತದೆ.

ಮಾಡಿನ ಮೇಲೆ ಸೋಲಾರ್ ಹಾಕಿಸಿದವರು ಹಲವರು ಇನ್ನು ಕರೆಂಟ್ ಹೋದರೂ ಚಿಂತೆಯಿಲ್ಲ ಎಂದುಕೊಂಡಿರುತ್ತಾರೆ. ಆದರೆ ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸಾಮಾನ್ಯ (ಆನ್‌ಗ್ರಿಡ್) ಸೋಲಾರ್, ಲೈನ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಸುಡು ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಅದು ದೋಷವಲ್ಲ, ಹಾಗೆ ನಿಲ್ಲಲೇಬೇಕೆಂಬ ನಿಯಮವಿದೆ. ಏಕೆಂಬುದು ಮುಂದೆ ಬರುತ್ತದೆ.

ಹೆಜ್ಜೆ 1: ಮನೆಮನೆಯ ಲೆಕ್ಕ

ಪ್ಯಾನೆಲ್ ಬೆಲೆ ವಿಚಾರಿಸುವ ಮೊದಲು ಕಾಗದ ಪೆನ್ನು ಹಿಡಿಯಿರಿ. ಕರೆಂಟ್ ಇಲ್ಲದ ದಿನವೂ ನಡೆಯಲೇಬೇಕಾದದ್ದು ಯಾವುದು? ನಮ್ಮ ಕಡೆಯ ಒಂದು ಮನೆಗೆ ಹೀಗೆ ಹಿಡಿಯಬಹುದು: ಐದು ಎಲ್‌ಇಡಿ ದೀಪ, ಕಡಿಮೆ ಕರೆಂಟ್ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನ್, ದಿನವಿಡೀ ವೈಫೈ ರೌಟರ್, ಮನೆಯಿಂದಲೇ ಕೆಲಸ ಮಾಡುವ ಮಗನದೋ ಮಗಳದೋ ಲ್ಯಾಪ್‌ಟಾಪ್, ಸಂಜೆ ಮೂರು ತಾಸು ಟಿವಿ, ಫ್ರಿಜ್, ಬೆಳಿಗ್ಗೆ ಕಾಲು ತಾಸು ಮಿಕ್ಸರ್. ಎಲ್ಲ ಕೂಡಿದರೆ ದಿನಕ್ಕೆ ಸುಮಾರು ಎರಡೂವರೆ ಯೂನಿಟ್. ಎಂಟು ಮನೆಗೆ 20 ಯೂನಿಟ್.

ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ತೋಟದ ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರ ಈ ಪಟ್ಟಿಯಲ್ಲಿ ಬೇಡ. ಒಂದು ಎಚ್‌ಪಿ ಮೋಟರ್ ಎಂದರೆ 746 ವ್ಯಾಟ್ ತಾನೇ ಎನ್ನಿಸಬಹುದು. ನೇರ ಸ್ವಿಚ್ ಹಾಕಿ ಎಬ್ಬಿಸುವಾಗ ಅದು ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಲೈನ್ ಅದನ್ನು ತಾಳುತ್ತದೆ, ಚಿಕ್ಕ ಇನ್ವರ್ಟರ್ ತಾಳದು. ಆದ್ದರಿಂದ ಪ್ರತಿ ಮನೆಯಲ್ಲೂ ವೈರಿಂಗನ್ನು ಎರಡಾಗಿ ಒಡೆಯಬೇಕು: ಒಂದು ಲೈನ್ ಇದ್ದಾಗ ಮಾತ್ರ ನಡೆಯುವ ಸರ್ಕ್ಯೂಟ್, ಇನ್ನೊಂದು ಸದಾ ಇರಬೇಕಾದದ್ದು. ಹಳೆಯ ಮನೆಗಳಲ್ಲಿ ಈ ಕೆಲಸವೇ ಅತಿ ತ್ರಾಸಿನದು. ಆದರೂ ಬಿಡಬೇಡಿ.

ಹೆಜ್ಜೆ 2: ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಬಿಸಿಲು

ಈ ಜಿಲ್ಲೆಯ ಮೈಕ್ರೋಗ್ರಿಡ್ ಬಯಲುಸೀಮೆಯದಕ್ಕಿಂತ ಬೇರೆಯಾಗಬೇಕು. ಕರೆಂಟ್ ಹೆಚ್ಚು ಹೋಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಸೋಲಾರ್ ಕೈಕೊಡುವುದೂ ಆಗಲೇ. ಬೇಸಿಗೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟರೆ, ಆಷಾಢದ ಮೋಡದಲ್ಲಿ ಒಂದೆರಡು ಯೂನಿಟ್‌ಗೆ ಇಳಿಯುತ್ತದೆ. ಬರೀ ಪ್ಯಾನೆಲ್ ಮಾರುವವರು ಇದನ್ನು ಹೇಳುವುದಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ಮನೆಯ ಹಿಂದಿನ ಬೆಟ್ಟದಿಂದ ನೀರು ಹಗಲಿರುಳು ಧುಮುಕುತ್ತಿರುತ್ತದೆ.

ಹಳ್ಳದ ಶಕ್ತಿ ಅಳೆಯಲು ಎಂಜಿನಿಯರ್ ಬರಬೇಕಿಲ್ಲ. ಮೇಲೆ ಮಣ್ಣು ಕಲ್ಲಿನ ಚಿಕ್ಕ ಕಟ್ಟ ಹಾಕಿ, ನೀರನ್ನೆಲ್ಲ ಒಂದು ಪೈಪಿಗೆ ತಿರುಗಿಸಿ, 20 ಲೀಟರ್ ಬಕೆಟ್ ಹಿಡಿಯಿರಿ. ಎರಡೂವರೆ ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಎಂಟು ಲೀಟರ್. ಎತ್ತರಕ್ಕೆ ಗವಂಡಿಗಳ ಲೆವೆಲ್ ಪೈಪ್ ಸಾಕು. ಬೆಟ್ಟದಿಂದ ತಾನಾಗಿ ಇಳಿಯುವ ಅಬ್ಬಿ ನೀರಿನ ಪೈಪ್ ಮೊದಲೇ ಇದ್ದರೆ ಇನ್ನೂ ಸುಲಭ: ಕೆಳಗಿನ ತುದಿ ಮುಚ್ಚಿ ಪ್ರೆಶರ್ ಗೇಜ್ ಹಾಕಿದರೆ ಪ್ರತಿ ಒಂದು ಕೆಜಿ ಒತ್ತಡಕ್ಕೆ ಹತ್ತು ಮೀಟರ್ ಎತ್ತರ. ಲೀಟರನ್ನು ಮೀಟರಿನಿಂದ, ಬಂದದ್ದನ್ನು 9.81ರಿಂದ ಗುಣಿಸಿ. ಎಂಟು ಲೀಟರ್, 25 ಮೀಟರ್ ಇದ್ದರೆ 1,962 ವ್ಯಾಟ್ ಆಯಿತು. ಪೈಪ್, ಟರ್ಬೈನ್, ಜನರೇಟರ್‌ನ ನಷ್ಟ ಕಳೆದು ಅರ್ಧ ಕೈಗೆ ಬಂತೆಂದು ಹಿಡಿದರೂ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್.

ಒಂದೇ ಕಿಲೋವ್ಯಾಟಾ ಎನ್ನಬೇಡಿ. ಅದು 24 ತಾಸೂ ಬರುತ್ತದೆ. ದಿನಕ್ಕೆ 23 ಯೂನಿಟ್ ದಾಟುತ್ತದೆ. ಎಂಟು ಮನೆಯ 20 ಯೂನಿಟ್ ಅಲ್ಲಿಗೇ ಮುಗಿಯಿತು, ಸೂರ್ಯನ ಮುಖ ನೋಡದೆ. ಐದು ಕಿಲೋವ್ಯಾಟ್ ಪ್ಯಾನೆಲ್ ಬೇಸಿಗೆಯಲ್ಲಿ ಕೊಡುವುದೂ ಅಷ್ಟೇ.

ಎಂಟು ಲೀಟರಿಗೆ ನಾಲ್ಕಿಂಚಿನ ಪೈಪ್ ಬೇಕು. ಎರಡೂವರೆ ಇಂಚಿನದರಲ್ಲಿ ಅರ್ಧ ಎತ್ತರ ತಿಕ್ಕಾಟಕ್ಕೇ ಹೋಗುವ ಸಂಭವವಿದೆ. 25 ಮೀಟರಿಗೆ ನೀರಿನ ಧಾರೆ ಬಡಿದು ತಿರುಗುವ ಟರ್ಗೋ ಮಾದರಿಯ ಚಿಕ್ಕ ಟರ್ಬೈನ್ ಹೊಂದುತ್ತದೆ. ಟರ್ಬೈನ್ ದಾಟಿದ ನೀರು ಹಳ್ಳಕ್ಕೇ ಮರಳಬೇಕು, ಕೆಳಗಿನ ತೋಟದವರ ನೀರಿಗೆ ಚ್ಯುತಿ ಬರಬಾರದು. ಹಳ್ಳ ಅರಣ್ಯದೊಳಗಿದ್ದರೆ ಇಲಾಖೆಯ ಒಪ್ಪಿಗೆ ಪಡೆದೇ ಪೈಪ್ ಎಳೆಯಿರಿ.

ಟರ್ಬೈನಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಪ್ಯಾನೆಲ್‌ನಿಂದ ಬಳಕೆ ನಿಂತರೆ ಅದು ಸುಮ್ಮನೆ ಬಿಸಿಲಲ್ಲಿ ಕೂರುತ್ತದೆ. ಟರ್ಬೈನ್‌ನ ಹೊರೆ ತಪ್ಪಿದರೆ ಅದು ಹುಚ್ಚು ವೇಗ ಹಿಡಿದು ವೋಲ್ಟೇಜ್ ಏರಿ ಎಲ್ಲ ಸುಡುತ್ತದೆ. ಅದಕ್ಕಾಗಿ ಲೋಡ್ ಕಂಟ್ರೋಲರ್ ಬೇಕು. ಬಳಸಿ ಉಳಿದ ಕರೆಂಟನ್ನು ಅದು ಕೂಡಲೇ ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಆ ಕಾಯಿಲನ್ನು ಬಚ್ಚಲ ನೀರಿನ ಟ್ಯಾಂಕಿನಲ್ಲಿಟ್ಟರೆ ಮಳೆಗಾಲದಲ್ಲಿ ಹಸಿ ಕಟ್ಟಿಗೆ ಊದುವ ಕಷ್ಟವೂ ಕಡಿಮೆ. ಟ್ಯಾಂಕಿನಲ್ಲಿ ನೀರು ಮಾತ್ರ ಎಂದೂ ಬತ್ತಬಾರದು.

ಪ್ಯಾನೆಲ್‌ಗೆ ಜಾಗ ಹುಡುಕುವುದು ಇಲ್ಲಿ ಸುಲಭವಲ್ಲ. ತೋಟ ಇರುವುದು ಕಣಿವೆಯಲ್ಲಿ, ಮನೆ ಅದರ ದಡದಲ್ಲಿ, ಮಾಡು ಹಂಚಿನದು, ಮಧ್ಯಾಹ್ನ ಮೂರಕ್ಕೆ ಗುಡ್ಡದ ನೆರಳು. ಬಿಸಿಲು ಚೆನ್ನಾಗಿ ಬೀಳುವ ಅಂಗಳವನ್ನು ಸುಗ್ಗಿಯಲ್ಲಿ ಅಡಿಕೆಗೆ ಬಿಡಲೇಬೇಕು. ಕೊಟ್ಟಿಗೆಯ ಶೀಟ್ ಮಾಡು ಅಥವಾ ಎತ್ತರದ ಕಬ್ಬಿಣದ ಅಟ್ಟ ಹೆಚ್ಚಿನವರಿಗೆ ಒಗ್ಗುತ್ತದೆ. ದಕ್ಷಿಣಕ್ಕೆ ಮುಖ, ಸುಮಾರು 15 ಡಿಗ್ರಿ ಓರೆ. ಒಂದು ತೆಂಗಿನ ಹೆಡೆಯ ನೆರಳು ಸರಣಿಯ ಎಲ್ಲ ಪ್ಯಾನೆಲ್‌ಗಳ ಉತ್ಪಾದನೆಯನ್ನೂ ಎಳೆದು ಇಳಿಸಬಲ್ಲದು. ಕಾರವಾರ, ಅಂಕೋಲಾ, ಹೊನ್ನಾವರದ ಕಡಲಂಚಿನವರು ಉಪ್ಪುಗಾಳಿ ಪರೀಕ್ಷೆ ಪಾಸಾದ ಪ್ಯಾನೆಲ್, ಸ್ಟೇನ್‌ಲೆಸ್ ಬೋಲ್ಟನ್ನೇ ಕೇಳಿ ತರಿಸಬೇಕು.

ಹೆಜ್ಜೆ 3: ಬ್ಯಾಟರಿ, ಮತ್ತು ತಾಳ ಹಿಡಿಯುವ ಇನ್ವರ್ಟರ್

ಬೇಸಿಗೆಯಲ್ಲಿ 20 ಯೂನಿಟ್ ಪೈಕಿ 12 ಸಂಜೆಯಿಂದ ಬೆಳಗಿನವರೆಗೆ ಬೇಕಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80ರಷ್ಟು ಬಳಸಬಹುದಾದ್ದರಿಂದ 15 ಯೂನಿಟ್‌ನದು ಸಾಕು. ಟ್ಯೂಬುಲರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಆಯುಷ್ಯ ಹೋಗುತ್ತದೆ. ಅದಕ್ಕೆ 200 ಎಎಚ್‌ನ ಹತ್ತು ಬೇಕು, 48 ವೋಲ್ಟ್‌ಗೆ ನಾಲ್ಕು ನಾಲ್ಕಾಗಿ ಜೋಡಿಸಬೇಕಾದ್ದರಿಂದ 12 ತರಬೇಕು. ಮೊದಲ ಖರ್ಚು ಹೆಚ್ಚಾದರೂ ನಾನು ಲಿಥಿಯಂ ಪರವೇ.

ಇನ್ವರ್ಟರ್‌ಗಳಲ್ಲಿ ಎರಡು ಜಾತಿ. ಯಕ್ಷಗಾನ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ: ಭಾಗವತರ ತಾಳಕ್ಕೆ ಮದ್ದಳೆ, ಚೆಂಡೆ, ಹೆಜ್ಜೆ ಎಲ್ಲ ಕೂಡಿಕೊಳ್ಳುತ್ತವೆ. ಲೈನ್ ಇದ್ದಾಗ ಸೆಕೆಂಡಿಗೆ 50 ಆವರ್ತನದ ತಾಳ ಹಿಡಿಯುವುದು ಗ್ರಿಡ್, ಅಂದರೆ ಲೈನಿನ ಹಿಂದಿರುವ ದೊಡ್ಡ ವಿದ್ಯುತ್ ಜಾಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಸೇರಿದ ಮೇಲೆ ಇಡೀ ದೇಶಕ್ಕೆ ಒಂದೇ ತಾಳ. ಸಾಮಾನ್ಯ ಸೋಲಾರ್ ಇನ್ವರ್ಟರ್‌ಗೆ ಆ ತಾಳ ಅನುಸರಿಸುವುದಷ್ಟೇ ಗೊತ್ತು. ಲೈನ್ ಹೋದಾಗ ಕೇರಿಯೊಳಗೇ ತಾಳ ಹಿಡಿಯುವವರು ಒಬ್ಬರು ಬೇಕು. ಬ್ಯಾಟರಿಗೆ ಕಟ್ಟಿದ, ಸ್ವತಃ ವೋಲ್ಟೇಜ್ ಮತ್ತು ಆವರ್ತನ ಹುಟ್ಟಿಸಬಲ್ಲ ಇನ್ವರ್ಟರ್ ಆ ಕೆಲಸ ಮಾಡುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಲೈನ್ ಇಲ್ಲದೆ ಇದು ತಾನೇ ನಿಲ್ಲುತ್ತದೆಯೇ, ಉಳಿದ ಸೋಲಾರ್ ಇನ್ವರ್ಟರ್‌ಗಳನ್ನು ನಡೆಸುತ್ತದೆಯೇ?

ನಡೆಸುವ ಬಗೆ ಚೆಂದ ಇದೆ. ಬ್ಯಾಟರಿ ತುಂಬಿ, ಬಳಕೆ ಕಡಿಮೆಯಾದರೆ ಮುಖ್ಯ ಇನ್ವರ್ಟರ್ ಆವರ್ತನವನ್ನು 50ರಿಂದ ಸ್ವಲ್ಪ ಮೇಲಕ್ಕೆ ಏರಿಸುತ್ತದೆ. ಸೋಲಾರ್ ಇನ್ವರ್ಟರ್‌ಗಳು ಅದನ್ನು ಕಂಡು ಉತ್ಪಾದನೆ ತಗ್ಗಿಸುತ್ತವೆ. ಬೇರೆ ಸಂದೇಶದ ವೈರ್ ಬೇಡ. ಎಂಟು ಮನೆಗೆ ಐದು ಕಿಲೋವ್ಯಾಟ್‌ನದು ಸಾಕು, ಮೂರು ಮನೆಯಲ್ಲಿ ಒಟ್ಟಿಗೇ ಮಿಕ್ಸರ್ ತಿರುಗಿದರೂ ತಡೆಯುತ್ತದೆ. ಚಿಕ್ಕ ಟರ್ಬೈನ್‌ನ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ಬಿಡುವುದೇ ಸರಳ.

ಹೆಜ್ಜೆ 4: ಲೈನ್ ಸೇರುವ ಜಾಗ

ಉಳಿದುದರಲ್ಲಿ ಒಂಚೂರು ಹೆಚ್ಚುಕಡಿಮೆಯಾದರೆ ಹಣ ಹೋಗುತ್ತದೆ, ಇಲ್ಲಿ ಆದರೆ ಜೀವ ಹೋಗುತ್ತದೆ.

ಟಿಸಿ 11,000 ವೋಲ್ಟ್ ಇಳಿಸಿ ನಮಗೆ ಕೊಡುತ್ತದೆ. ನಮ್ಮ ಕಡೆಯಿಂದ ಕರೆಂಟ್ ಹಿಂದಕ್ಕೆ ಹೋದರೆ ಅದೇ ಟಿಸಿ ಅದನ್ನು ಮತ್ತೆ 11,000 ವೋಲ್ಟ್‌ಗೆ ಏರಿಸಿ ಲೈನಿಗೆ ಬಿಡುತ್ತದೆ. ಎರಡು ಮೈಲಿ ಆಚೆ, ಲೈನ್ ಆಫ್ ಮಾಡಿಸಿ ಕಂಬ ಹತ್ತಿದ ಲೈನ್‌ಮನ್ ಕೈಗೆ ಅದು ಸಿಗುತ್ತದೆ. ಜನರೇಟರ್ ತಂದು ಎರಡೂ ಕಡೆ ಪಿನ್ ಇರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರನ್ನು ತಡೆಯಿರಿ.

ಈ ಕಾರಣಕ್ಕೇ ಲೈನ್ ಹೋದ ಎರಡು ಸೆಕೆಂಡಿನೊಳಗೆ ಗ್ರಿಡ್‌ಗೆ ಕರೆಂಟ್ ಬಿಡುವುದು ನಿಲ್ಲಬೇಕೆಂಬ ನಿಯಮವಿದೆ. ಮೈಕ್ರೋಗ್ರಿಡ್‌ನಲ್ಲಿ ಇದು ಹೀಗೆ ನಡೆಯುತ್ತದೆ. ನಿಯಂತ್ರಕ ಲೈನಿನ ವೋಲ್ಟೇಜ್, ಆವರ್ತನವನ್ನು ಸದಾ ನೋಡುತ್ತಿರುತ್ತದೆ. ಮಿತಿ ತಪ್ಪಿದ ಕೂಡಲೇ ಸೇರುವ ಜಾಗದಲ್ಲಿರುವ, ತಾನೇ ತೆರೆದುಕೊಳ್ಳುವ ಸ್ವಿಚ್ (ಕಾಂಟ್ಯಾಕ್ಟರ್) ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಕಡಿದದ್ದು ಖಾತ್ರಿಯಾದ ಮೇಲೆಯೇ ಕೇರಿಯ ಇನ್ವರ್ಟರ್ ಒಂಟಿಯಾಗಿ ನಡೆಯಲು ತೊಡಗುತ್ತದೆ. ಒಳ್ಳೆಯ ಹೈಬ್ರಿಡ್ ಇನ್ವರ್ಟರ್‌ನಲ್ಲಿ ಇದಕ್ಕೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಸಾಕು. ದೀಪ ಒಮ್ಮೆ ಮಿಣುಕುತ್ತದೆ, ಅಷ್ಟೇ.

ಕರೆಂಟ್ ಮರಳಿ ಬಂದಾಗ ತಕ್ಷಣ ಸೇರಬಾರದು. ನಮ್ಮ ಕಡೆ ಲೈನ್ ಬಂದ ಮೇಲೆ ನಾಲ್ಕು ಸಲ ಹೋಗಿ ಬರುವುದು ಎಲ್ಲರಿಗೂ ಗೊತ್ತು. ಇನ್ವರ್ಟರ್‌ನ ಸೆಟ್ಟಿಂಗ್‌ಗೆ ತಕ್ಕಂತೆ ಒಂದರಿಂದ ಐದು ನಿಮಿಷ ಲೈನ್ ಸ್ಥಿರವಾಗಿದೆಯೇ ಎಂದು ಅದು ಕಾಯುತ್ತದೆ. ಆಮೇಲೆ ತನ್ನ ಆವರ್ತನವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಕೇರಿಯ ಮತ್ತು ಲೈನಿನ ವೋಲ್ಟೇಜ್ ಅಲೆಗಳು ಒಂದರ ಮೇಲೊಂದು ಕೂರುವಂತೆ ತರುತ್ತದೆ. ಚಿಕ್ಕ ಘಟಕಗಳಿಗೆ ಅಂತರರಾಷ್ಟ್ರೀಯ ಮಾನದಂಡದ ಮಿತಿ ಇಷ್ಟು: ಆವರ್ತನದ ವ್ಯತ್ಯಾಸ 0.3 ಹರ್ಟ್ಸ್, ವೋಲ್ಟೇಜಿನದು ನೂರಕ್ಕೆ 10, ಅಲೆಯ ಕೋನದ್ದು 20 ಡಿಗ್ರಿ. ಇದರೊಳಗೆ ಬಂದಾಗ ಕೊಂಡಿ ಬೀಳುತ್ತದೆ. ಇದನ್ನು ಮೀರಿ ಸೇರಿಸಿದರೆ ಒಮ್ಮೆಲೇ ನುಗ್ಗುವ ಕರೆಂಟಿಗೆ ಇನ್ವರ್ಟರ್ ಸುಡುತ್ತದೆ.

ಇಷ್ಟೆಲ್ಲ ತಾನಾಗಿ ನಡೆದರೂ ಹೊರಗೋಡೆಯಲ್ಲಿ, ಲೈನ್‌ಮನ್ ಕೈಗೆ ಸಿಗುವಂತೆ, ಕಡಿದದ್ದು ಕಣ್ಣಿಗೆ ಕಾಣುವ, ಬೀಗ ಹಾಕಬಹುದಾದ ಐಸೊಲೇಟರ್ ಸ್ವಿಚ್ ಇರಲೇಬೇಕು. ಅದರ ಮೇಲೆ 'ಇಲ್ಲಿ ಎರಡು ಕಡೆಯಿಂದ ಕರೆಂಟ್ ಇದೆ' ಎಂದು ದೊಡ್ಡ ಅಕ್ಷರದ ಫಲಕ ಹಾಕಿ.

ಹೆಜ್ಜೆ 5: ಒಂಟಿಯಾದಾಗಿನ ರಕ್ಷಣೆ

ಬಹಳಷ್ಟು ಕಡೆ ಮರೆತುಹೋಗುವ ಎರಡು ಸಂಗತಿಗಳನ್ನು ಹೇಳಿಬಿಡುತ್ತೇನೆ. ಲೈನ್ ಇದ್ದಾಗ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ಎಂಸಿಬಿ ತಟ್ಟನೆ ಬೀಳುತ್ತದೆ. ಸಿ ಮಾದರಿಯ 16 ಆಂಪಿಯರ್ ಎಂಸಿಬಿ ಹಾಗೆ ಬೀಳಲು ಕನಿಷ್ಠ 80 ಆಂಪಿಯರ್ ಬೇಕು. ನಮ್ಮ ಐದು ಕಿಲೋವ್ಯಾಟ್ ಇನ್ವರ್ಟರ್‌ನ ಪೂರ್ಣ ಶಕ್ತಿಯೇ 22 ಆಂಪಿಯರ್, ಒತ್ತಾಯಕ್ಕೆ ಕ್ಷಣಕಾಲ ಅದರ ಎರಡರಷ್ಟು ಕೊಟ್ಟೀತು. ಅಂದರೆ ಕೇರಿ ಒಂಟಿಯಾಗಿ ನಡೆಯುವಾಗ ಆ ಎಂಸಿಬಿ ಹೊತ್ತಿಗೆ ಬೀಳದು. ಸದಾ ಇರಬೇಕಾದ ಸರ್ಕ್ಯೂಟಿಗೆ ಕಡಿಮೆ ಕರೆಂಟಿಗೇ ಬೀಳುವ ಬಿ ಮಾದರಿಯ ಆರು ಆಂಪಿಯರ್ ಎಂಸಿಬಿ, ಜೊತೆಗೆ ಪ್ರತಿ ಮನೆಗೆ ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಇನ್ನೊಂದು ನ್ಯೂಟ್ರಲ್‌ನದು. ಸಾಮಾನ್ಯವಾಗಿ ಅದು ಅರ್ಥ್ ಆಗಿರುವುದು ಟಿಸಿಯ ಬುಡದಲ್ಲಿ. ಕೊಂಡಿ ಬಿಟ್ಟಾಗ ಆ ಅರ್ಥ್ ಕೂಡ ಹೋಯಿತು. ಆಗ ಇನ್ವರ್ಟರ್ ಬಳಿ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸುವ ರಿಲೇ ಮುಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಫ್ರಿಜ್ ಮೈಗೆ ಕರೆಂಟ್ ಬಂದರೂ ಆರ್‌ಸಿಸಿಬಿ ಬೀಳುವುದಿಲ್ಲ. ಗುಂಡಿ ಒತ್ತಿ ನೋಡಿದೆವು, ಬಿತ್ತು ಎಂದು ನೆಮ್ಮದಿಯಾಗಿರಬೇಡಿ. ಆ ಟೆಸ್ಟ್ ಗುಂಡಿ ಅರ್ಥನ್ನು ಪರೀಕ್ಷಿಸುವುದೇ ಇಲ್ಲ. ಎಲೆಕ್ಟ್ರಿಷಿಯನ್ ಫೇಸ್ ಮತ್ತು ಅರ್ಥ್ ನಡುವೆ ಆರ್‌ಸಿಸಿಬಿ ಟೆಸ್ಟರ್ ಹಾಕಿ ನೋಡಬೇಕು, ಅದೂ ಲೈನ್ ಕಡಿದ ಸ್ಥಿತಿಯಲ್ಲಿ.

ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ಎಸಿ, ಡಿಸಿ ಎರಡೂ ಕಡೆ ಸರ್ಜ್ ರಕ್ಷಕ ಬೇಕು. ಜಂಬಿಟ್ಟಿಗೆ ನೆಲದಲ್ಲಿ ಅರ್ಥ್ ಸಿಗುವುದು ಕಷ್ಟ. ನೆಲ ಒಣಗಿದ ಬೇಸಿಗೆಯಲ್ಲಿ ಅಳೆದ ಅರ್ಥ್ ರೋಧದ ಸಂಖ್ಯೆಯನ್ನೇ ನಂಬಿ.

ಹೆಜ್ಜೆ 6: ಕಾಗದಪತ್ರ

ಹಳ್ಳಿಯ ಗುಂಪಿಗೆ ನನ್ನ ಸಲಹೆ: ಒಂದೇ ಮೀಟರ್ ಇರುವ ಕಡೆಯಿಂದ ಆರಂಭಿಸಿ. ಸೇವಾ ಸಹಕಾರಿ ಸಂಘದ ಕಟ್ಟಡ, ಹಾಲಿನ ಡೇರಿ, ಶಾಲೆ ಒಳ್ಳೆಯವು. ಕರೆಂಟ್ ಹೋದ ದಿನ ಊರವರ ಫೋನ್ ಚಾರ್ಜ್‌ಗೂ ಅದು ಆಸರೆ. ಮನೆಯಿಂದ ಮನೆಗೆ ವೈರ್ ಎಳೆಯುವುದಾದರೆ ಅದು ವಿತರಣೆಯಾಗುತ್ತದೆ. 2003ರ ವಿದ್ಯುತ್ ಕಾಯ್ದೆಯಲ್ಲಿ ಉತ್ಪಾದನೆಗೆ ಲೈಸೆನ್ಸ್ ಬೇಡ, ವಿತರಣೆಗೆ ಬೇಕು. ರಾಜ್ಯ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ತಯಾರಿಸಿ ಹಂಚುವವರಿಗೆ ವಿನಾಯಿತಿ ಇದೆ, ಸುರಕ್ಷತಾ ನಿಯಮಕ್ಕೆ ಮಾತ್ರ ಇಲ್ಲ. ಆದ್ದರಿಂದ ಕಂಬ ನೆಡುವ ಮೊದಲೇ ಹೆಸ್ಕಾಂ ಸೆಕ್ಷನ್ ಆಫೀಸಿಗೆ ನಕಾಶೆ ಹಿಡಿದು ಹೋಗಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಮನೆಯ ಮಾಡಿನ ಸೋಲಾರ್‌ಗೆ ದಾರಿ ಸಲೀಸು. 2024ರ ತಿದ್ದುಪಡಿಯ ನಂತರ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಗೆ ಕಾಯಬೇಕಿಲ್ಲ. ಅದೇ ವರ್ಷ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಗ್ರಿಡ್‌ಗೆ ಸೇರಿದ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ. ಬ್ಯಾಟರಿ ಖರ್ಚು ನಮ್ಮದೇ. ಬ್ಯಾಟರಿ ಇರುವ ವಿಷಯ ಅರ್ಜಿಯಲ್ಲಿ ಮುಚ್ಚಿಡಬೇಡಿ.

ಮನೆಗಳ ನಡುವಿನ ಒಪ್ಪಂದವೂ ಕಾಗದದಲ್ಲೇ ಇರಲಿ. ಪ್ರತಿ ಮನೆಗೆ ಸಬ್‌ಮೀಟರ್, ಬ್ಯಾಟರಿ ನೂರಕ್ಕೆ 30ಕ್ಕೆ ಇಳಿದಾಗ ಯಾರ ಮನೆಯಲ್ಲಿ ಏನು ನಿಲ್ಲಬೇಕು, ಹೊಸ ಬ್ಯಾಟರಿಗೆಂದು ತಿಂಗಳಿಗೆ ಎಷ್ಟು ತೆಗೆದಿಡಬೇಕು. ಅಣ್ಣತಮ್ಮಂದಿರ ಕೇರಿಯಾದರೂ ಬರೆದೇ ಇಡಿ.

ಹೆಜ್ಜೆ 7: ಮೇ ತಿಂಗಳಲ್ಲೇ ಪರೀಕ್ಷೆ

ಲೈನ್‌ಮನ್ ಅವರನ್ನೂ ಕರೆದು, ಒಂದು ಸಂಜೆ ಲೈನ್ ಕಡೆಯ ಸರಬರಾಜು ಕಡಿಸಿ. ದೀಪ ಉಳಿಯಿತೇ ಎಂಬುದಕ್ಕಿಂತ ಮೊದಲು ಮೀಟರ್ ಹಿಡಿದು ಲೈನ್ ಕಡೆಯ ಟರ್ಮಿನಲ್ ನೋಡಿ: ಎರಡು ಸೆಕೆಂಡಿನ ನಂತರ ಅಲ್ಲಿ ಸೊನ್ನೆ ಇರಬೇಕು. ಆಮೇಲೆ ಎಲ್ಲ ಮನೆಯ ಫ್ರಿಜ್, ಮೂರು ಮನೆಯ ಮಿಕ್ಸರ್ ಒಟ್ಟಿಗೆ ಹಾಕಿ. ಹೇಳಿದ ಅರ್ಥ್ ಪರೀಕ್ಷೆ ಮಾಡಿಸಿ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಬ್ಯಾಟರಿ ಎಷ್ಟು ಉಳಿದಿದೆ ಬರೆದುಕೊಂಡು, ಲೈನ್ ಕೊಡಿಸಿ, ತಡೆದು ಸೇರುತ್ತದೆಯೇ ಕಾದು ನೋಡಿ.

ಮಳೆ ಹಿಡಿದ ಮೇಲಿನ ದಿನಚರಿ ಸಣ್ಣದು. ಟರ್ಬೈನ್ ಪೈಪಿನ ಬಾಯಿಯ ಜಾಲರಿಗೆ ದರಕು (ತರಗೆಲೆ) ಕಟ್ಟಿದರೆ ಉತ್ಪಾದನೆ ಅರ್ಧಕ್ಕೆ ಬೀಳುತ್ತದೆ, ಅದನ್ನು ದಿನಾ ಬೆಳಿಗ್ಗೆ ತೆಗೆಯಬೇಕು. ಪ್ಯಾನೆಲ್‌ನ ಕೆಳಅಂಚಿನ ಹಾವಸೆ ತಿಂಗಳಿಗೊಮ್ಮೆ. ಎಂಟು ಮನೆಗೆ ಪಾಳಿ ಹಚ್ಚಿ, ಆ ಪಟ್ಟಿಯನ್ನು ಇನ್ವರ್ಟರ್ ಕೋಣೆಯ ಬಾಗಿಲಿಗೇ ಅಂಟಿಸಿ.